ಡಿಸ್ಕ್ ತುಂಬಿದ ತಿಂಗಳು

ಅಕ್ಟೋಬರ್ ೩, ಸೋಮವಾರ

ಇವತ್ತು ಮತ್ತೆ ಅದೇ ರಗಳೆ. ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಕ್ಕ ಕರಿಪರದೆಯ ಆಚೆಯಿಂದ ಕೂಗಿದಳು, "ಪುಟ್ಟೀ, ನಿನ್ನ ಡಬ್ಬ ಮತ್ತೆ ನಿಂತ್ಹೋಯ್ತು ನೋಡೇ!" ನನಗೆ ನಲವತ್ತೇಳು. ಆದರೂ ಪುಟ್ಟಿ. ಕಂಪ್ಯೂಟರು ಕೆಟ್ಟಾಗ ಅದು ನನ್ನದು, ನೆಟ್ಟಗಿದ್ದಾಗ ಅವಳದು.

ಡಿಸ್ಕ್ ತುಂಬಿದೆ ಎಂದು ಕೆಂಪು ಪಟ್ಟಿ ತೋರಿಸುತ್ತಿದೆ. ಶನಿವಾರ ನಾನೇ ಕೂತು ಅರ್ಧಕ್ಕರ್ಧ ಖಾಲಿ ಮಾಡಿದ್ದೆ. ಅಕ್ಕ ಗೊಂಬೆಯನ್ನು ಒಂದಿಷ್ಟೊಂದಿಷ್ಟೇ ಸರಿಸಿ ಇಡೀ ಬೆಳಿಗ್ಗೆ ಫೋಟೋ ತೆಗೆದು ಮಾಡಿರುವುದು ಎರಡು ಸೆಕೆಂಡಿನ ಸಿನಿಮಾ. ಅದಕ್ಕೆ ಎಷ್ಟು ಫೋಟೋ ಬೇಕೋ ಅಷ್ಟೇ ಇವೆ, ಲೆಕ್ಕ ನೋಡಿದೆ. ಅಷ್ಟರಿಂದ ಡಿಸ್ಕಿನ ಒಂದು ಮೂಲೆಯೂ ತುಂಬಬಾರದು.

ನಾನು ಜಾಗ ಮಾಡಿಕೊಡುವ ಹೊತ್ತಿಗೆ ದೀಪದ ಕಾವಿಗೆ ಗೊಂಬೆಯ ಮೇಣದ ಮೊಣಕಾಲು ಮೆತ್ತಗಾಗಿ, ಒಂದು ಕಾಲು ಎತ್ತಿ ನಿಂತಿದ್ದ ಛತ್ರಿ ತಾತ ಮಕಾಡೆ ಬಿದ್ದ. ಬೆಳಗಿನ ಕೆಲಸವೆಲ್ಲ ಹಾಳು.

ಮೂವತ್ತೊಂದಕ್ಕೆ ಸಿನಿಮಾ ಕೈಗೆ ಕೊಡಬೇಕು. ಮಕ್ಕಳ ಚಿತ್ರಮಂದಿರದವರು ಇದಕ್ಕೆಂದು ಒಂದು ವಾರ ಖಾಲಿ ಇಟ್ಟಿದ್ದಾರೆ, ತಡವಾದರೆ ಬೇರೆ ಸಿನಿಮಾ ಹಾಕುತ್ತೇವೆ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಮೂರು ವರ್ಷದಿಂದ ಅಕ್ಕನ ಬಾಯಲ್ಲಿ ಬೇರೆ ಮಾತಿಲ್ಲ. ನನಗೆ ಗೊಂಬೆಯ ಹುಚ್ಚು ಎಳ್ಳಷ್ಟೂ ಇಲ್ಲ. ತಿಂಗಳು ಮುಗಿದರೆ ಮಧ್ಯಾಹ್ನ ಕಾಲು ಚಾಚಿ ಮಲಗಬಹುದು, ಅಷ್ಟೇ ನನ್ನ ಆಸೆ. ಆದರೆ ಈ ಡಿಸ್ಕನ್ನು ಮಾತ್ರ ಸುಮ್ಮನೆ ಬಿಡುವುದಿಲ್ಲ.

ಅಕ್ಟೋಬರ್ ೪, ಮಂಗಳವಾರ

ಕಳ್ಳ ಸಿಕ್ಕಿದ ಅಂದುಕೊಂಡೆ. ಭಾವನವರು ಜಗತ್ತಿನ ಚದುರಂಗದ ಆಟಗಳನ್ನೆಲ್ಲ ಇಳಿಸಿಕೊಂಡು ಒಂದು ಫೋಲ್ಡರಿನಲ್ಲಿ ಗುಡ್ಡೆ ಹಾಕಿದ್ದರು. ಇಬ್ಬರು ಗಂಡಸರು ತಲೆ ತಗ್ಗಿಸಿ ಕೂತಿರುವ ವಿಡಿಯೋ, ಒಂದೊಂದೂ ನಾಲ್ಕು ಗಂಟೆ.

"ಇದನ್ನ ಯಾರು ನೋಡ್ತಾರೆ ಭಾವ?"

"ನಿವೃತ್ತಿ ಆದ್ಮೇಲೆ ನೋಡ್ತೀನಿ."

"ನಿವೃತ್ತಿ ಆಗಿ ಎರಡು ವರ್ಷ ಆಯ್ತಲ್ಲ!"

"ಅಡುಗೆಮನೆಯಿಂದ ಇನ್ನೂ ನಿವೃತ್ತಿ ಸಿಕ್ಕಿಲ್ಲ ಇಂಜಿನಿಯರಮ್ಮ," ಎಂದು ನಕ್ಕು ಎಲ್ಲವನ್ನೂ ತಾವೇ ಅಳಿಸಿದರು. "ಆನೆ, ಕುದುರೆ, ಮಂತ್ರಿ ಎಲ್ಲ ಹೋಯ್ತು" ಎಂದು ಹೇಳಿಕೊಂಡು ಚಹಾ ಮಾಡಲು ಹೋದರು. ಅಕ್ಕನಿಗೆ ಕೊಟ್ಟಿದ್ದು ಅರ್ಧ ಲೋಟ. ಹೆಂಡತಿಗೂ ಅಳೆದು ಸುರಿದು ಕೊಡುವ ಜಿಪುಣತನ ಯಾಕೆ ಎಂದು ಕೇಳಿದೆ. ಅವರು ಪಾತ್ರೆ ತೊಳೆಯಲು ಎದ್ದುಹೋದರು. ಅಕ್ಕ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದಳು, ಚಿಕ್ಕ ಮಕ್ಕಳು ಕುಡಿಯುವ ಹಾಗೆ. ಈಗೀಗ ಅವಳ ಚಾಳಿಗಳೇ ವಿಚಿತ್ರ.

ಅಕ್ಟೋಬರ್ ೬, ಗುರುವಾರ

ಮತ್ತೆ ಕೆಂಪು. ಚದುರಂಗದ ಜಾಗವೂ ತುಂಬಿಹೋಯಿತು. ಭಾವನವರ ಮುಖ ನೋಡಲು ನಾಚಿಕೆಯಾಯಿತು.

ತಾತ್ಕಾಲಿಕ ಫೈಲು, ಹಳೆಯ ಅಪ್‌ಡೇಟು, ಕಸದ ಬುಟ್ಟಿ, ಎಲ್ಲ ತೊಳೆದೆ. ತಲೆ ಕೆಟ್ಟು ಗೊಬ್ಬರವಾಗಿದೆ.

ಅಕ್ಟೋಬರ್ ೮, ಶನಿವಾರ

ಕಂಪ್ಯೂಟರ್ ರಿಪೇರಿಯವರು ಬಂದಿದ್ದರು. ಒಳ್ಳೆಯ ಮನುಷ್ಯ. ಆದರೆ ಏನೇ ಕೇಳಿದರೂ ಒಂದೇ ಔಷಧಿ.

"ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬಿಡೋಣ ಮೇಡಂ."

"ಮೂರು ವರ್ಷದ ಕೆಲಸ ಇದೆ ಸ್ವಾಮಿ ಇದರಲ್ಲಿ."

"ಅಂಥಾದ್ದೇನು ಕೆಲಸ?"

ಹೇಳಿದೆ. ಗೊಂಬೆಯನ್ನು ಒಂದಿಷ್ಟು ಸರಿಸುವುದು, ಕೈ ಹಿಂದಕ್ಕೆ ತೆಗೆಯುವುದು, ರಿಮೋಟಿನ ಗುಂಡಿ ಒತ್ತಿ ಫೋಟೋ ಹೊಡೆಯುವುದು, ಮತ್ತೆ ಒಂದಿಷ್ಟು ಸರಿಸುವುದು. ಫೋಟೋಗಳನ್ನೆಲ್ಲ ಬೇಗ ಬೇಗ ಓಡಿಸಿದರೆ ಗೊಂಬೆ ನಡೆಯುತ್ತದೆ. ಛತ್ರಿ ರಿಪೇರಿ ಮಾಡುವ ತಾತ, ಯಾರೋ ಮರೆತುಹೋದ ಛತ್ರಿಯನ್ನು ವಾಪಸು ಕೊಡಲು ಊರೆಲ್ಲ ಸುತ್ತುತ್ತಾನೆ. ಕೊನೆಗೆ ಅದರ ಒಡತಿ ಸಿಗುತ್ತಾಳೆ, ಛತ್ರಿ ಬಿಚ್ಚಿಕೊಳ್ಳುತ್ತದೆ, ಕಥೆ ಮುಗಿಯುತ್ತದೆ. ಅಕ್ಕ ಬೆಳಿಗ್ಗೆ ಒಬ್ಬಳೇ ಪರದೆಯೊಳಗೆ ಫೋಟೋ ತೆಗೆಯುತ್ತಾಳೆ. ನಾನು ಮಧ್ಯಾಹ್ನ ಬಂದು ಆ ಫೋಟೋಗಳನ್ನು ಜೋಡಿಸಿ ಸದ್ದು ಸೇರಿಸುತ್ತೇನೆ.

ಅವರು ಕರಿಪರದೆ ಸರಿಸಿ ತಾತನನ್ನು ಬಗ್ಗಿ ನೋಡಿದರು. "ಇಷ್ಟು ಪುಟ್ಟ ಮನುಷ್ಯನಿಗೆ ಇಷ್ಟೊಂದು ಜಾಗ ಬೇಕಾ? ದೊಡ್ಡ ಡಿಸ್ಕ್ ಹಾಕಿಸ್ಕೊಳ್ಳಿ."

"ಯಾಕೆ ತುಂಬ್ತಿದೆ ಅಂತ ಗೊತ್ತಾಗೋ ತನಕ ದೊಡ್ಡದು ಬೇಡ. ಅದೂ ತುಂಬುತ್ತೆ."

"ಹಾಗಾದ್ರೆ ಯಾವಾಗ ತುಂಬುತ್ತೆ ಅಂತ ಕಾದು ನೋಡಿ," ಎಂದು ಹೇಳಿ ಹೋದರು. ಆ ಒಂದು ಮಾತು ಸರಿ.

ಅಕ್ಟೋಬರ್ ೯, ಭಾನುವಾರ

ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಇಡೀ ದಿನ ಕೂದಲೆಳೆಯಷ್ಟೂ ತುಂಬಲಿಲ್ಲ. ಇವತ್ತು ಅಕ್ಕ ಕೆಲಸ ಮಾಡಲಿಲ್ಲ. "ನೀನು ಮನೇಲಿದ್ರೆ ನೆಲ ಅದುರುತ್ತೆ, ನನ್ನ ಕೈಲಾಗಲ್ಲ" ಅಂದಳು. ನಾನೇನು ಆನೆಯೇ?

ಅಂತೂ ಅಕ್ಕ ಒಬ್ಬಳೇ ಕೆಲಸ ಮಾಡುವಾಗ ಮಾತ್ರ ತುಂಬುತ್ತಿದೆ. ಅವಳು ಏನೋ ತಪ್ಪು ಗುಂಡಿ ಒತ್ತುತ್ತಿದ್ದಾಳೆ. ಹಿಡಿದು ತೋರಿಸಿದರೆ ಬಾಯಿ ಮುಚ್ಚುತ್ತಾಳೆ.

ಅಕ್ಟೋಬರ್ ೧೧, ಮಂಗಳವಾರ

ಯಾವ ಫೋಲ್ಡರು ಎಷ್ಟು ಜಾಗ ತಿಂದಿದೆ ಎಂದು ಬಣ್ಣದ ಚೌಕಗಳಲ್ಲಿ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಹಾಕಿದೆ. ನಮ್ಮ ಸಿನಿಮಾ ಒಂದು ಮೂಲೆಯಲ್ಲಿ ಹಸಿರು ಚೌಕ. ಮಿಕ್ಕ ಪರದೆಯೆಲ್ಲ ಒಂದೇ ಬೂದು ಚೌಕ. ಅದಕ್ಕೆ ಹೆಸರಿಲ್ಲ. ಫೋಟೋ ತೆಗೆಯುವ ಪ್ರೋಗ್ರಾಂ ಗುಟ್ಟಾಗಿ ಇಟ್ಟುಕೊಂಡಿರುವ ಫೋಲ್ಡರು ಅದು. ತೆರೆಯಲು ಹೋದರೆ ಅನುಮತಿ ಇಲ್ಲ ಎಂದಿತು. ನನ್ನ ಮನೆಯಲ್ಲಿ ನನಗೇ ಅನುಮತಿ ಇಲ್ಲವಂತೆ! ನಾಳೆ ನೋಡಿಕೊಳ್ಳುತ್ತೇನೆ.

ಊಟದ ಹೊತ್ತಿಗೆ ಅಕ್ಕನ ತಟ್ಟೆ ಬಿತ್ತು. ಭಾವನವರು ಎತ್ತಿಕೊಂಡು ಹೋದರು. ಅಕ್ಕ ಎರಡೂ ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡು ಕೂತಳು. ಈ ಸೆಕೆಯಲ್ಲಿ ಸ್ವೆಟರು ಯಾಕೆ ಎಂದು ಕೇಳಿದ್ದಕ್ಕೆ "ನಿನಗ್ಯಾಕೆ" ಅಂದಳು.

ಅಕ್ಟೋಬರ್ ೧೨, ಬುಧವಾರ

ತೆರೆಯಿತು.

ಅಕ್ಕ ಬೇಡವೆಂದು ಅಳಿಸಿದ ಫೋಟೋಗಳು. ನಾವು ಅಳಿಸಿದರೂ ಈ ಪ್ರೋಗ್ರಾಂ ಅಳಿಸುವುದಿಲ್ಲ. ಮುಂದೆ ಬೇಕಾದೀತು ಎಂದು ಒಂದು ಕಡೆ ಎತ್ತಿಡುತ್ತದೆ. ಅದೂ ಸರಿಯೇ, ಯಾರಾದರೂ ಹತ್ತೋ ಇಪ್ಪತ್ತೋ ಅಳಿಸುತ್ತಾರೆ. ಇಲ್ಲಿರುವುದು ಸಾವಿರಗಟ್ಟಲೆ.

ಮೊದಲನೆಯದನ್ನು ತೆರೆದೆ. ತಾತ ನಿಂತಿದ್ದಾನೆ. ಪಕ್ಕದಲ್ಲಿ ಅಕ್ಕನ ಬಲಗೈ. ಎರಡನೆಯದರಲ್ಲೂ ಅದೇ ಕೈ, ಇನ್ನಷ್ಟು ಹತ್ತಿರ. ಮೂರನೆಯದರಲ್ಲಿ ತಾತ ಬಿದ್ದಿದ್ದಾನೆ. ನಾಲ್ಕರಲ್ಲಿ ಎತ್ತಿದ್ದಾಳೆ. ಐದರಲ್ಲಿ ಮತ್ತೆ ಬಿದ್ದಿದ್ದಾನೆ. ಗುಂಡಿ ಅವಳ ಎಡಗೈಯಲ್ಲಿರುತ್ತದೆ, ಆ ಎಡಗೈಯಿಂದಲೇ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಾಳೆ. ಹಿಡಿದಾಗಲೆಲ್ಲ ಗುಂಡಿ ತಾನಾಗಿ ಒತ್ತಿಕೊಂಡು ಫೋಟೋ ಬಂದಿದೆ. ಬಾಣದ ಗುರುತಿನ ಮೇಲೆ ಬೆರಳಿಟ್ಟು ಫೋಟೋಗಳನ್ನು ಬೇಗ ಬೇಗ ಓಡಿಸಿದೆ.

ಅಕ್ಕನ ಕೈ ನಡುಗುತ್ತಿದೆ.

ಚಳಿಯ ನಡುಕವಲ್ಲ. ನಿಲ್ಲದ ನಡುಕ. ತಾತನ ಮೊಣಕೈಯನ್ನು ಒಂದು ಕೂದಲೆಳೆಯಷ್ಟು ಸರಿಸಲು ಹತ್ತು ಸಲ, ಇಪ್ಪತ್ತು ಸಲ. ಸರಿ ಬಂದ ಒಂದನ್ನು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಅಳಿಸಿದ್ದಾಳೆ. ನಾನು ಮಧ್ಯಾಹ್ನ ಬಂದು ನೋಡುತ್ತಿದ್ದದ್ದು ಆ ಒಂದನ್ನು. ಒಂದು ಫೋಟೋದಲ್ಲಿ ಕೈ ಇಲ್ಲ. ಮೇಜಿನ ಅಂಚಿಗೆ ಗಲ್ಲ ಊರಿ, ಬಿದ್ದ ತಾತನನ್ನೇ ನೋಡುತ್ತಾ ಕೂತಿದ್ದಾಳೆ. ಅವಳ ಆ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ.

ಅರ್ಧ ಲೋಟದ ಚಹಾ, ಸ್ವೆಟರಿನ ಜೇಬು, ನೆಲ ಅದುರುತ್ತೆ ಎಂಬ ನೆವ. ಒಂದೇ ಮನೆಯಲ್ಲಿದ್ದುಕೊಂಡು ನನಗೆ ಕಾಣಲಿಲ್ಲವಲ್ಲ! ದಿನಾ ಬೇರೆಯವರ ಕಣ್ಣಿಗೆ ಗಾಜು ಕೂರಿಸುವವಳು ನಾನು.

ಅಕ್ಟೋಬರ್ ೧೩, ಗುರುವಾರ

ಅಂಗಡಿಯಲ್ಲಿ ಎರಡು ಗಾಜು ಒಡೆದೆ. ಬರೆಯಲು ಮನಸ್ಸಿಲ್ಲ.

ಅಕ್ಟೋಬರ್ ೧೪, ಶುಕ್ರವಾರ

ಅಕ್ಕ ಮಲಗಿದ್ದಾಗ ಭಾವನವರನ್ನು ಅಡುಗೆಮನೆಯಲ್ಲಿ ಹಿಡಿದೆ. ಮೊದಲು ಹುಂ, ಉಹುಂ ಅಂದರು. ಆಮೇಲೆ ಚಾಕು ಕೆಳಗಿಟ್ಟು ಹೇಳಿದರು. ಹೋದ ವರ್ಷವೇ ಡಾಕ್ಟರಿಗೆ ತೋರಿಸಿದ್ದಾರೆ. ಮಾತ್ರೆ ನಡೆಯುತ್ತಿದೆ. ನಡುಕ ನಿಧಾನಕ್ಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲವಂತೆ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಪುಟ್ಟಿ ಸಿನಿಮಾ ನಿಲ್ಲಿಸಿಬಿಡ್ತಾಳೆ ಅಂದ್ಲು."

ಸಿಟ್ಟು ಬಂತು. ಆದರೆ ಸುಳ್ಳೇನಲ್ಲ. ಗೊತ್ತಾಗಿದ್ದರೆ ಅವತ್ತೇ ನಿಲ್ಲಿಸಿ, ಗೊಂಬೆಗಳನ್ನೆಲ್ಲ ಡಬ್ಬಕ್ಕೆ ತುಂಬಿ, ಸುಮ್ಮನೆ ಮಲಗು ಎಂದು ಹೇಳಿರುತ್ತಿದ್ದೆ. ಈಗ ಹೇಳುವುದಿಲ್ಲ. ಈ ಸಿನಿಮಾ ಮುಗಿಯಲೇಬೇಕು. ಇನ್ನೊಂದನ್ನು ಮಾಡುವಷ್ಟು ದಿನ ಆ ಕೈ ಮಾತು ಕೇಳುವುದಿಲ್ಲ.

ಡಿಸ್ಕಿನ ಪರಿಹಾರವೂ ಸಿಕ್ಕಿತು. ಪ್ರೋಗ್ರಾಂನಲ್ಲೇ ಒಂದು ಚೌಕ ಇದೆ, ಅಳಿಸಿದ ಫೋಟೋ ಇಟ್ಟುಕೊಳ್ಳಬೇಡ ಎಂದು. ಅಲ್ಲಿ ಒಂದು ಟಿಕ್ ಹಾಕಿದರೆ ಮುಗಿಯಿತು. ಎರಡು ವಾರ ಪರದಾಡಿದ್ದು ಒಂದು ಟಿಕ್ಕಿಗೆ.

ನಾಳೆ ಹಾಕುತ್ತೇನೆ. ಅಳಿಸಿದ್ದರಲ್ಲಿ ಯಾವುದಾದರೂ ಬೇಕಾದರೆ? ನೋಡದೆ ಎಸೆಯುವುದು ಸರಿಯಲ್ಲ.

ಅಕ್ಟೋಬರ್ ೧೭, ಸೋಮವಾರ

ಅಂಗಡಿಯ ಯಜಮಾನರನ್ನು ಕೇಳಿ ಹನ್ನೊಂದಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಂಡಿದ್ದೇನೆ. ಓಡಿ ಬಂದು ನನ್ನ ಹಳೆಯ ಹಾಡು, ಧಾರಾವಾಹಿಗಳನ್ನು ಅಳಿಸಿ ಜಾಗ ಮಾಡಿ ಓಡುತ್ತೇನೆ. ಅಕ್ಕನ ಕೆಲಸ ನಿಲ್ಲುವುದಿಲ್ಲ. ಅಳಿಸಿದ ಫೋಟೋಗಳಲ್ಲಿ ಚೆನ್ನಾಗಿರುವ ಒಂದಿಷ್ಟನ್ನು 'ಇತರೆ' ಎಂಬ ಫೋಲ್ಡರಿಗೆ ಹಾಕಿಟ್ಟಿದ್ದೇನೆ. ಹೆಚ್ಚೇನಿಲ್ಲ.

ಟಿಕ್ ಹಾಕಲು ಇವತ್ತೂ ಮರೆತೆ.

ಅಕ್ಟೋಬರ್ ೧೯, ಬುಧವಾರ

ಮೂರು ದಿನದಿಂದ ಛತ್ರಿ ಬಿಚ್ಚಿಕೊಳ್ಳುತ್ತಿಲ್ಲ. ಅದಕ್ಕೆ ಎಂಟು ಕಡ್ಡಿ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಸರಿಸಬೇಕು. ಸರಿ ಬಂದ ಫೋಟೋ ಒಂದೂ ಇಲ್ಲ. ಅಕ್ಕ ಕೂಗುವುದನ್ನೂ ಬಿಟ್ಟಿದ್ದಾಳೆ.

ಮಧ್ಯಾಹ್ನ ಕರೆದಳು. "ಚಪ್ಪಲಿ ಬಿಟ್ಟು ಒಳಗೆ ಬಾ."

ಮೂರು ವರ್ಷದಲ್ಲಿ ಆ ಪರದೆಯೊಳಗೆ ಹೋದದ್ದು ಇದೇ ಮೊದಲು. ಅಂಗೈ ಅಗಲದ ಬೀದಿ, ಕಿಟಕಿಗಳು, ತಾತನ ಕೈಯಲ್ಲಿ ಮಡಚಿದ ಛತ್ರಿ. ದೀಪದ ಕಾವಿಗೆ ಮೈ ಬೆವರಿತು. ಅಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಕೈಯನ್ನು ಇವತ್ತು ಮುಚ್ಚಿಟ್ಟುಕೊಂಡಿರಲಿಲ್ಲ.

"ನಿಂಗೆ ಗೊತ್ತಾಗಿದೆ, ಅಲ್ವಾ?"

"ಭಾವ ಹೇಳಿದ್ರಾ?"

"ಅವರೇನೂ ಹೇಳ್ಲಿಲ್ಲ. ನೀನು ಬೈಯೋದು ನಿಲ್ಲಿಸಿದ್ಯಲ್ಲ, ಅದಕ್ಕೇ."

ಇಬ್ಬರಿಗೂ ನಗು ಬಂತು. ನಗುತ್ತಲೇ ನಾನು ಅತ್ತೆ. ಅವಳು ಅಳಲಿಲ್ಲ, ಮೂಗು ಒರೆಸಿಕೋ ಅಂದಳು. ಮೇಜು ಒದ್ದೆಯಾಗುತ್ತದಂತೆ.

"ನನ್ನಿಂದ ಇದು ಬಿಚ್ಚೋದಿಲ್ಲ ಪುಟ್ಟಿ. ಕನ್ನಡಕದ ಸ್ಕ್ರೂ ಹಾಕ್ತೀಯಲ್ಲ, ಆ ಕೈ ಕೊಡು."

"ನನಗೆ ಗೊಂಬೆ ಆಡಿಸೋಕೆ ಬರಲ್ಲ ಅಕ್ಕ."

"ಬರ್ಬೇಕಾಗಿಲ್ಲ. ನಾನು ಹೇಳ್ದಷ್ಟು ಸರಿಸು."

ಅಕ್ಟೋಬರ್ ೨೦, ಗುರುವಾರ

ಅವಳ ಜೊತೆ ಕೆಲಸ ಮಾಡುವುದಕ್ಕಿಂತ ಕಲ್ಲು ಹೊರುವುದು ವಾಸಿ.

"ಇನ್ನೊಂಚೂರು." ಸರಿಸಿದೆ. "ಒಂಚೂರು ಅಂದೆ, ಮೈಲಿಗಟ್ಟಲೆ ಅಲ್ಲ." ಹಿಂದಕ್ಕೆ ತಂದೆ. "ಉಸಿರು ಬಿಡ್ಬೇಡ, ಛತ್ರಿ ಹಾರೋಗುತ್ತೆ." ಉಸಿರು ಬಿಗಿಹಿಡಿದೆ. "ಯಾಕೆ ಮುಖ ಕೆಂಪಾಗಿದೆ, ಉಸಿರಾಡೇ!"

ಸಾಯಂಕಾಲಕ್ಕೆ ಒಂದು ಸೆಕೆಂಡೂ ಆಗಿರಲಿಲ್ಲ. ಚಿಮಟ ಎಸೆದು ಹೊರಗೆ ಬಂದೆ. ಹತ್ತು ನಿಮಿಷದಲ್ಲಿ ವಾಪಸು ಹೋದೆ. ತಾತನ ಮೊಣಕಾಲು ಬಾಗಿಹೋದೀತು ಎಂಬ ಹೆದರಿಕೆ.

ಅಕ್ಟೋಬರ್ ೨೩, ಭಾನುವಾರ

ಬೆಳಿಗ್ಗೆ ಹೊತ್ತು ರಜೆ ಕೇಳಿದ್ದೇನೆ, ತಿಂಗಳ ಕೊನೆಯ ತನಕ. ಯಜಮಾನರು ಮುಖ ಸಿಂಡರಿಸಿದರೂ ಕೊಟ್ಟರು.

ತಾತನ ಎಡಮೊಣಕೈ ಸಡಿಲವಾಗಿದೆ. ಛತ್ರಿಯ ಭಾರ ಅಲ್ಲಿಗೇ ಬೀಳುತ್ತದೆ, ಪಾಪ. ಒಳಗಿನ ತಂತಿಯನ್ನು ಬಿಗಿಮಾಡಿದೆ. ಬಾಗಿಲು ಜೋರಾಗಿ ಹಾಕಿದ್ದಕ್ಕೆ ಭಾವನವರ ಮೇಲೆ ರೇಗಿದೆ. ನೆಲ ಅದುರಿದರೆ ಕಡ್ಡಿಗಳು ಜಾರುತ್ತವೆ ಎಂದು ಎಷ್ಟು ಸಲ ಹೇಳುವುದು? "ಸರಿ ಸರಿ, ನಿಮ್ಮ ಮನೇಲಿ ಎಲ್ರೂ ಒಂದೇ," ಅಂದರು.

ಈಗ ಕಂಪ್ಯೂಟರಿನ ಮುಂದೆ ಅಕ್ಕನೇ ಕೂರುತ್ತಾಳೆ. ಡಿಸ್ಕ್ ತುಂಬುತ್ತಾ ಇದೆ, ಜಾಗ ಕಮ್ಮಿಯಿದೆ ಎಂದು ಗೊಣಗುತ್ತಾಳೆ. ತುಂಬಲಿ ಬಿಡು, ಈ ಕಡ್ಡಿ ಮುಗಿಯಲಿ ಅಂದೆ.

ಅಕ್ಟೋಬರ್ ೨೬, ಬುಧವಾರ

ಛತ್ರಿ ಬಿಚ್ಚಿಕೊಂಡಿತು!

ಓಡಿಸಿ ನೋಡಿದೆವು. ಮೊದಲು ಒಂದು ಕಡ್ಡಿ ಅಲುಗುತ್ತದೆ, ಆಮೇಲೆ ಎಂಟೂ, ಆಮೇಲೆ ಬಟ್ಟೆ ಮೇಲೇರಿ ಪಟಕ್ಕೆಂದು ನಿಲ್ಲುತ್ತದೆ. ಭಾವನವರು ಚಪ್ಪಾಳೆ ತಟ್ಟಿದರು. ಅಕ್ಕ ಏನೂ ಹೇಳದೆ ಮತ್ತೆ ಓಡಿಸಿದಳು, ಮತ್ತೆ ಓಡಿಸಿದಳು. "ಪರವಾಗಿಲ್ಲ" ಅಂದಳು. ಅವಳ ಬಾಯಿಂದ ಅದೇ ದೊಡ್ಡದು. ನನಗೆ ಹಿಗ್ಗಿ ಊಟ ಸೇರಲಿಲ್ಲ.

ಅಕ್ಟೋಬರ್ ೨೮, ಶುಕ್ರವಾರ

ಇನ್ನೊಂದೇ ಬಾಕಿ. ಛತ್ರಿಯ ಕೆಳಗೆ ನಿಂತ ತಾತ ಕತ್ತೆತ್ತಿ ಮೇಲೆ ನೋಡಬೇಕು. ಎರಡು ಸೆಕೆಂಡು. "ಇದು ನಂದು" ಅಂದಳು ಅಕ್ಕ. ಬೇಡ ಅನ್ನಲಿಲ್ಲ. ಬೆಳಿಗ್ಗೆಯಿಂದ ದೀಪ ಆರಿಸುವ ತನಕ ಗುಂಡಿ ಹಿಡಿದು ಪಕ್ಕದಲ್ಲಿ ಕೂತೆ. ಎಷ್ಟು ಸಲ ಬಿದ್ದ, ಎಷ್ಟು ಸಲ ಎತ್ತಿದಳು, ಲೆಕ್ಕ ಇಡಲಿಲ್ಲ. ಅವಳು ಒಮ್ಮೆಯೂ ಸಾಕು ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಆಯಿತು. ತಾತ ಕತ್ತೆತ್ತಿದ. ಅಷ್ಟು ಚಂದ ನನಗೆ ಮಾಡಲು ಬರುತ್ತಿರಲಿಲ್ಲ. ಚಿಮಟ ಹಿಡಿಯುವುದು ಬೇರೆ, ಅದು ಬೇರೆ.

ಅಕ್ಟೋಬರ್ ೩೧, ಸೋಮವಾರ

ಬೆಳಿಗ್ಗೆ ಎಲ್ಲ ಜೋಡಿಸಿ, ಇಡೀ ಸಿನಿಮಾ ಒಂದೇ ಫೈಲಾಗಿ ಹೊರಬರಲೆಂದು ಗುಂಡಿ ಒತ್ತಿದೆ. ಮುಕ್ಕಾಲು ಭಾಗಕ್ಕೆ ನಿಂತಿತು. ಜಾಗ ಇಲ್ಲ. ಕೆಂಪು ಪಟ್ಟಿ. ಚಿತ್ರಮಂದಿರದವರು ಐದಕ್ಕೆ ಬಾಗಿಲು ಹಾಕುತ್ತಾರೆ.

ನಾನು ಅದೂ ಇದೂ ಅಳಿಸುತ್ತಾ ಕೂತೆ. ಚಿಲ್ಲರೆ ಚಿಲ್ಲರೆ ಜಾಗ ಸಿಕ್ಕಿತು, ಸಾಲಲಿಲ್ಲ. ಅಕ್ಕ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಬಣ್ಣದ ಚೌಕಗಳನ್ನು ನೋಡಿ ಕೇಳಿದಳು, "ಇದೇನೇ, 'ಇತರೆ' ಅಂತ ಇಷ್ಟು ದೊಡ್ಡದು?"

ಮೌಸನ್ನು ಬೇರೆ ಕಡೆ ಸರಿಸಿದೆ. ಅವಳೇ ಬಗ್ಗಿ ತೆರೆದಳು. ಅವಳದೇ ಕೈ. ಪುಟ ಪುಟವಾಗಿ ಅವಳದೇ ಕೈ. ಒಂದಿಷ್ಟು ಅಂದುಕೊಂಡೇ ಇಟ್ಟಿದ್ದು, ಒಂದನ್ನೂ ಬಿಟ್ಟಿರಲಿಲ್ಲ ನಾನು.

"ಹಾಳಾದ ಫೋಟೋ ಎಲ್ಲ ಯಾಕೆ ಇಟ್ಕೊಂಡಿದ್ದೀಯ?"

"ಹಾಳಾಗಿಲ್ಲ," ಅಂದೆ. "ಅಳಿಸೋಕೆ ನನ್ನಿಂದ ಆಗಲ್ಲ ಅಕ್ಕ. ಮುಂದೆ ಇದೂ ಸಿಗಲ್ಲ." ಹೇಳಬಾರದ ಮಾತು ಬಾಯಿಂದ ಬಂದೇಬಿಟ್ಟಿತು.

ಅವಳು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಬಲಗೈಯನ್ನು ನನ್ನ ಮಡಿಲಲ್ಲಿಟ್ಟಳು. "ಕೈ ಇಲ್ಲೇ ಇದೆಯಲ್ಲೇ. ಹಿಡ್ಕೋ. ಅದನ್ನ ಅಳಿಸು, ಹೊತ್ತಾಯ್ತು."

ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು, ಒಂದೇ ಸಮನೆ ನಡುಗುತ್ತಿತ್ತು. ಬಲಗೈಯಲ್ಲಿ ಅಳಿಸಿದೆ. ಅಷ್ಟೊಂದು ಫೋಟೋ ಹೋಗಲು ಬಹಳ ಹೊತ್ತು ಹಿಡಿಯಿತು. ನಾವಿಬ್ಬರೂ ನೋಡುತ್ತಾ ಕೂತೆವು. ಪಟ್ಟಿಯ ಕೆಂಪು ಹೋಯಿತು. ಆಮೇಲೂ ಕೈ ಬಿಡದೆ, ಒಂದೇ ಕೈಯಲ್ಲಿ, ಸಿನಿಮಾ ಹೊರಬರಲೆಂದು ಮತ್ತೆ ಗುಂಡಿ ಒತ್ತಿದೆ.